ಕೊಳಗ, ಫಾರಂ ಏಳು ಮತ್ತು ಒಬ್ಬ ಶಾಸಕ



ಸಂಘದ ಈ ಸಭೆಯ ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟಕರು ಎಂದು ನಮ್ಮ ಶಾಸಕರ ಹೆಸರಿತ್ತು. ಅವರು ಬಂದಿಲ್ಲ. ಶ್ರಾವಣ ಬಂತಲ್ಲ, ಆಷಾಢ ತಡೆದು ನಿಲ್ಲಿಸಿದ್ದ ಮದುವೆಗಳೆಲ್ಲ ಒಂದೇ ಸಲ ನುಗ್ಗಿವೆ. ಇವತ್ತು ಅವರಿಗೆ ಐದು ಮದುವೆ, ಎರಡು ಗೃಹಪ್ರವೇಶ, ಒಂದು ವೈಕುಂಠ ಸಮಾರಾಧನೆ ಎಂದು ಕಾರ್ಯದರ್ಶಿಗಳು ಈಗ ತಾನೇ ನನ್ನ ಕಿವಿಯಲ್ಲಿ ಹೇಳಿದರು. ನನಗೇನೂ ಬೇಸರವಿಲ್ಲ. ಐದರಲ್ಲಿ ಒಂದು ಮದುವೆ ತಪ್ಪಿಸಿ ಇಲ್ಲಿಗೆ ಬಂದಿದ್ದರೆ ಆ ಮನೆಯವರು ಮುಂದಿನ ಚುನಾವಣೆವರೆಗೆ ಅದನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಉಪನ್ಯಾಸ ತಪ್ಪಿಸಿದ್ದನ್ನು ನೀವು ನಾಳೆ ಬೆಳಗ್ಗೆ ಕಾಫಿಯ ಹೊತ್ತಿಗೆ ಮರೆತಿರುತ್ತೀರಿ. ಲೆಕ್ಕ ಸರಿಯಾಗಿಯೇ ಇದೆ.

ಇವತ್ತಿನ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದ್ಘಾಟನೆ ಬೇರೆ ಬೇಕಾಗಿರಲಿಲ್ಲ. ಶಾಂತವೇರಿ ಗೋಪಾಲಗೌಡರ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದಾಗ ನಾನು ಒಂದು ಷರತ್ತು ಹಾಕಿದ್ದೆ. ಹೋರಾಟಗಾರ, ಸಂತ, ಸಿಡಿಲು, ಜ್ವಾಲೆ ಇವನ್ನೆಲ್ಲ ನಾನು ಹೇಳುವುದಿಲ್ಲ, ಶಾಸಕ ಗೋಪಾಲಗೌಡ ಎಂಬಷ್ಟನ್ನು ಮಾತ್ರ ಹೇಳುತ್ತೇನೆ ಅಂದೆ. ನಾನು ಸಾಹಿತಿಯಲ್ಲ, ಇತಿಹಾಸ ಓದಿದವನೂ ಅಲ್ಲ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿ ಸೇರಿ ಕಡತಗಳ ಧೂಳಿನಲ್ಲೇ ತಲೆ ನರೆತವನು. ಅವರನ್ನು ನಾನು ಕಂಡಿಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಕೊನೆಗೆ ಕಡತವಾಗಿ ನನ್ನ ಮೇಜಿಗೇ ಬಂತು. ಆ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ.

ಮೊದಲು ಅವರ ರಾಜಕೀಯ ಬದುಕನ್ನು ಎರಡು ಮಾತಿನಲ್ಲಿ ಮುಗಿಸಿಬಿಡೋಣ. 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಹುಟ್ಟಿದರು. 1942ರಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಜೈಲು ಕಂಡರು. 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಸಮಾಜವಾದಿ ಪಕ್ಷದ ಶಾಸಕರಾದರು. ಆಗ ವಯಸ್ಸು 29 ತುಂಬಿತ್ತಷ್ಟೆ. 1957ರಿಂದ ಐದು ವರ್ಷ ಸದನದ ಹೊರಗಿದ್ದರು. 1962ರಲ್ಲೂ 1967ರಲ್ಲೂ ತೀರ್ಥಹಳ್ಳಿಯಿಂದ ಗೆದ್ದರು. 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಒಂದು ದಿನವೂ ಮಂತ್ರಿಯಾಗಲಿಲ್ಲ. ಆಡಳಿತ ಪಕ್ಷದ ಕುರ್ಚಿಯಲ್ಲಿ ಕೂರಲೂ ಇಲ್ಲ. ಈಗಿನ ಲೆಕ್ಕದಲ್ಲಿ ಇದು ಸಾಧಾರಣ ದಾಖಲೆ. ಮಂತ್ರಿಯಾಗದ ಶಾಸಕನ ಹೆಸರನ್ನು ಅಡಿಗಲ್ಲಿನ ಮೇಲೆ ಹುಡುಕಿದರೂ ಸಿಗುವುದು ಕಡಿಮೆ.

ಇನ್ನು ಕೊಳಗದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಈ ಸಭೆಯಲ್ಲಿರುವ ಹುಡುಗರು ಕೊಳಗವನ್ನು ನೋಡಿರಲಾರರು. ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸಿಲ ಮೇಲೆ ಅಕ್ಕಿ ತುಂಬಿ ಇಡುವ ಸೇರನ್ನು ನೋಡಿದ್ದೀರಿ. ಅದರ ದೊಡ್ಡಣ್ಣ ಈ ಕೊಳಗ. ಭತ್ತ ಅಳೆಯುವ ಪಾತ್ರೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನಮ್ಮ ಮಲೆನಾಡಿನಲ್ಲಿ ಗೇಣಿ ಅಂದರೆ ರೂಪಾಯಿಯಲ್ಲ, ಭತ್ತ. ಒಕ್ಕಲು ಮಾಡಿದವನು ಸುಗ್ಗಿ ಮುಗಿದ ಮೇಲೆ ಒಡೆಯರ ಕಣಜಕ್ಕೆ ಇಷ್ಟು ಖಂಡುಗ ಎಂದು ಅಳೆಯಬೇಕು. ಅಳೆಯುವ ಕೊಳಗ ಯಾರದ್ದು? ಒಡೆಯರದ್ದು. ಅದರ ಹೊಟ್ಟೆ ಎಷ್ಟು ದೊಡ್ಡದು ಎಂದು ನಿರ್ಧರಿಸುವವರೂ ಅವರೇ. ನೀವೇ ಲೆಕ್ಕ ಹಾಕಿ: ಕೊಳಗ ಅರ್ಧ ಸೇರು ಹೆಚ್ಚು ಹಿಡಿದರೆ ಒಂದು ಖಂಡುಗಕ್ಕೆ ಹತ್ತು ಸೇರು ಭತ್ತ ಮಾತಿಲ್ಲದೆ ಹೋಯಿತು. ಒಂದು ಸಂಸಾರದ ಎಷ್ಟು ದಿನದ ಗಂಜಿ ಅದು? ಕೊಟ್ಟದ್ದಕ್ಕೆ ಚೀಟಿಯೂ ಇಲ್ಲ, ರಸೀದಿಯೂ ಇಲ್ಲ. ಇದರ ಮೇಲೆ ಬಿಟ್ಟಿ ಚಾಕರಿ ಬೇರೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರಾಗಿದ್ದವರು ಹೆಚ್ಚಾಗಿ ದೀವರು. ಎಚ್. ಗಣಪತಿಯಪ್ಪನವರು ರೈತ ಸಂಘ ಕಟ್ಟಿ ಅವರನ್ನು ಸೇರಿಸಿದರು. ಅವರ ಬೇಡಿಕೆ ಕ್ರಾಂತಿಯದ್ದಲ್ಲ. ನಮಗೆ ಭೂಮಿ ಕೊಡಿ ಎಂದು ಅವರು ಕೇಳಲಿಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ, ಕೊಟ್ಟದ್ದಕ್ಕೆ ರಸೀದಿ ಕೊಡಿ ಎಂದು ಕೇಳಿದರು. ಅಷ್ಟು ಕೇಳಿದ್ದಕ್ಕೇ ಒಡೆಯರು ಗದ್ದೆ ಬಿಡಿಸಲು ಹೊರಟರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹಿಡಿದು ಅದೇ ಗದ್ದೆಗೆ ಇಳಿದರು. ಪೊಲೀಸರು ಹಿಡಿದು ಒಯ್ದರು, ಮರುದಿನ ಇನ್ನೊಂದು ತಂಡ ಇಳಿಯಿತು. ಸಮಾಜವಾದಿ ಪಕ್ಷದ ಹುಡುಗರು ಬೆನ್ನಿಗೆ ನಿಂತರು. ಗೋಪಾಲಗೌಡರು ಮುಂಚೂಣಿಯಲ್ಲಿದ್ದರು. ಜೂನ್ ತಿಂಗಳಲ್ಲಿ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು, ಸಾಗರದ ರೈಲು ನಿಲ್ದಾಣದಲ್ಲಿ ಅವರ ಬಂಧನವಾಯಿತು.

ಇದಾಗಿ ಒಂದು ತಿಂಗಳಿಗೆ, 1951ರ ಜುಲೈ 13ರಂದು, ಬೆಂಗಳೂರಿನಲ್ಲಿ ನೆಹರೂ ಅವರು ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟರು. ಒಂದೇ ಮಳೆಗಾಲ, ಒಂದೇ ರಾಜ್ಯ. ಒಂದು ಕಡೆ ಶಾಸನ ಮಾಡುವ ಮನೆಗೆ ಪಾಯ ತೆಗೆಯುತ್ತಿದ್ದರು, ಇನ್ನೊಂದು ಕಡೆ ಆ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಯಾವುದು ಎಂದು ಕೆಸರಲ್ಲಿ ನಿಂತು ತೋರಿಸುತ್ತಿದ್ದರು.

ಕಾಗೋಡು ಗೆದ್ದಿತು ಎಂದು ನಾವು ಭಾಷಣದಲ್ಲಿ ಹೇಳುತ್ತೇವೆ. ಅಲ್ಲೇ ಆಗಲೇ ಗೆಲ್ಲಲಿಲ್ಲ. ಗದ್ದೆ ಆ ವರ್ಷ ಗೇಣಿದಾರರ ಕೈಗೆ ಬರಲಿಲ್ಲ. ಗೆದ್ದದ್ದು ಏನೆಂದರೆ, ಅದೇ ಸೀಮೆಯ ಜನ ಮರುವರ್ಷ ಆ ಜಗಳವನ್ನು ಒಬ್ಬ ಯುವಕನ ಕೈಯಲ್ಲಿ ಕೊಟ್ಟು ಶಾಸನಸಭೆಗೆ ಕಳಿಸಿದರು. 99 ಜನರ ಸಭೆ ಅದು. ಕಾಂಗ್ರೆಸ್ಸಿನವರು 74, ಸಮಾಜವಾದಿ ಪಕ್ಷದವರು ಮೂರು. ಮೂವರಿಂದ ಸರ್ಕಾರ ಬೀಳಿಸಲು ಆಗುವುದಿಲ್ಲ, ಮಸೂದೆಯನ್ನು ಮತಕ್ಕೆ ಹಾಕಿ ಗೆಲ್ಲಿಸಲೂ ಆಗುವುದಿಲ್ಲ. ಮಾತಾಡಬಹುದು, ಅಷ್ಟೆ.

ಗೋಪಾಲಗೌಡರ ಚುನಾವಣೆಯ ರೀತಿ ನಿಮಗೆಲ್ಲ ಗೊತ್ತಿರುವುದೇ: ಒಂದು ಓಟು, ಒಂದು ನೋಟು. ಮತದಾರನೇ ಒಂದು ರೂಪಾಯಿ ಕೊಡಬೇಕು. ಈಗ ಇದನ್ನು ಹೇಳಿದರೆ ಹುಡುಗರು ನಗುತ್ತಾರೆ, ಯಾಕೆಂದರೆ ನೋಟು ಹೋಗುವ ದಿಕ್ಕು ತಿರುಗಿಬಿಟ್ಟಿದೆ. ನಾನು ಇದನ್ನು ಬರೀ ಪ್ರಾಮಾಣಿಕತೆಯ ಕಥೆಯಾಗಿ ಹೇಳುತ್ತಿಲ್ಲ. ಒಂದು ರೂಪಾಯಿ ಕೊಟ್ಟವನಿಗೆ ಕೇಳುವ ಧೈರ್ಯ ಬರುತ್ತದೆ, ಐನೂರು ತೆಗೆದುಕೊಂಡವನಿಗೆ ಆ ಬಾಯಿ ಇರುವುದಿಲ್ಲ. ಕಚೇರಿಯಲ್ಲಿ ಮೂವತ್ತು ವರ್ಷ ಕೂತು ನಾನು ನೋಡಿದ್ದು ಇದನ್ನೇ. ಅರ್ಜಿದಾರ ಬಂದು ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತದೆ, ಅವನು ಹಕ್ಕು ಕೇಳಲು ಬಂದವನೋ ದಯೆ ಕೇಳಲು ಬಂದವನೋ ಎಂದು.

ಸದನದಲ್ಲಿ ಗೋಪಾಲಗೌಡರ ಸಿಟ್ಟು ಪ್ರಸಿದ್ಧ. ಆ ಕಥೆಗಳು ಎಷ್ಟು ಬೇಕಾದರೂ ಇವೆ, ಇವತ್ತು ಅವಕ್ಕೆ ರಜೆ. ಸಿಟ್ಟನ್ನು ನೆನಪಿಟ್ಟುಕೊಂಡು ನಾವು ಅವರ ತಾಳ್ಮೆಯನ್ನು ಮರೆತಿದ್ದೇವೆ ಎಂಬುದು ನನ್ನ ದೂರು. ಆ ತಾಳ್ಮೆ ಎಷ್ಟು ಬೇಕಿತ್ತು ಎಂದು ತಿಳಿಯಲು ಭೂಮಿಯ ಕಾನೂನುಗಳು ಬಂದ ಸಾಲನ್ನು ನೋಡಿ. 1952ರಲ್ಲಿ ಮೈಸೂರು ಗೇಣಿ ಕಾಯ್ದೆ. 1954ರಲ್ಲಿ ಇನಾಂ ರದ್ದತಿ ಕಾಯ್ದೆ. ಈ ಎರಡರ ಹಿಂದೆಯೂ ತೀರ್ಥಹಳ್ಳಿಯವರೇ ಆದ ಕಡಿದಾಳ್ ಮಂಜಪ್ಪನವರಿದ್ದರು, ಅವರು ಕಾಂಗ್ರೆಸ್ಸಿನ ಮಂತ್ರಿ. ಅವರ ಕೆಲಸವನ್ನು ಸಣ್ಣದು ಮಾಡಿ ಗೋಪಾಲಗೌಡರನ್ನು ದೊಡ್ಡದು ಮಾಡುವ ಚಟ ನಮ್ಮಲ್ಲಿದೆ, ಅದು ಸರಿಯಲ್ಲ. ಏಕೀಕರಣದಿಂದ ರಾಜ್ಯ ದೊಡ್ಡದಾದ ಮೇಲೆ ಜತ್ತಿ ಸಮಿತಿ ಕೂತು ವರದಿ ಕೊಟ್ಟಿತು. 1961ರಲ್ಲಿ ಭೂ ಸುಧಾರಣಾ ಕಾಯ್ದೆ ಬಂತು. ಬಂತು ಅಂದೆ, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ನಾಲ್ಕು ವರ್ಷ! ಅಷ್ಟರಲ್ಲಿ ಬುದ್ಧಿವಂತ ಒಡೆಯರು ಏನೇನು ಮಾಡಬಹುದೋ ಎಲ್ಲ ಮಾಡಿ ಮುಗಿಸಿದರು. ಕಾಯ್ದೆಯೊಳಗೂ ಕಂಡಿ ಇತ್ತು. ಸ್ವಂತ ಸಾಗುವಳಿಗೆ ಬೇಕು ಎಂದು ಒಡೆಯ ಗೇಣಿ ಭೂಮಿಯ ಒಂದು ಪಾಲನ್ನು ವಾಪಸು ಕೇಳಬಹುದಿತ್ತು. ಗೇಣಿದಾರ ತಾನು ಗೇಣಿದಾರ ಎಂದು ಸಾಬೀತು ಮಾಡಬೇಕಿತ್ತು. ಪಹಣಿಯ ಹನ್ನೆರಡನೇ ಕಾಲಂ ಎಂಬುದೊಂದಿದೆ, ಸಾಗುವಳಿದಾರನ ಹೆಸರು ಬರೆಯುವ ಜಾಗ. ಹಳೆಯ ಪಹಣಿ ತೆಗೆದು ನೋಡಿದರೆ ಅಲ್ಲಿ ಎಷ್ಟೋ ಕಡೆ ‘ಸ್ವಂತ’ ಎಂದು ಇರುತ್ತಿತ್ತು. ಸ್ವಂತ ಅಂದರೆ ಒಡೆಯರೇ ಉತ್ತರು ಎಂದರ್ಥ. ಆ ಒಡೆಯರು ಜನ್ಮದಲ್ಲಿ ಗದ್ದೆಯ ಕೆಸರು ಮೆಟ್ಟಿರುವುದಿಲ್ಲ. ಬರೆಯುತ್ತಿದ್ದ ಶಾನುಭೋಗರೂ ಅವರ ಜಗಲಿಯಲ್ಲಿ ಕೂತೇ ಬರೆಯುತ್ತಿದ್ದದ್ದು.

ಕಾಗೋಡಿನ ಕೊಳಗ ಮತ್ತು ಪಹಣಿಯ ಹನ್ನೆರಡನೇ ಕಾಲಂ ನನ್ನ ಮಟ್ಟಿಗೆ ಒಂದೇ ವಸ್ತು. ಅಳತೆ ಅವರ ಕೈಯಲ್ಲಿ, ಬರಹವೂ ಅವರ ಕೈಯಲ್ಲಿ. ಗೋಪಾಲಗೌಡರು ಶಾಸಕರಾಗಿ ಹಿಡಿದ ಎಲ್ಲ ವಿಷಯಗಳೂ ಕೊನೆಗೆ ಇಲ್ಲಿಗೇ ಬಂದು ಸೇರುತ್ತವೆ. ಆಡಳಿತ ಕನ್ನಡದಲ್ಲಿ ನಡೆಯಬೇಕು ಎಂದು ಅವರು ಹಠ ಹಿಡಿದದ್ದನ್ನು ನಾವು ಭಾಷಾಭಿಮಾನ ಎನ್ನುತ್ತೇವೆ. ಭಾಷೆಯ ಪ್ರೀತಿ ಇತ್ತು, ನಿಜ. ಸಂಗೀತ, ಸಾಹಿತ್ಯ ಎಂದರೆ ಊಟ ಬಿಡುತ್ತಿದ್ದ ಮನುಷ್ಯ, ಗೋಪಾಲಕೃಷ್ಣ ಅಡಿಗರು, ಅನಂತಮೂರ್ತಿಯವರು ಅವರ ಸ್ನೇಹಿತರು. ಆದರೆ ಅದಕ್ಕಿಂತ ಒರಟಾದ ಕಾರಣವೂ ಒಂದಿತ್ತು ಎಂದು ನನಗನ್ನಿಸುತ್ತದೆ. ಆದೇಶ ಇಂಗ್ಲಿಷಿನಲ್ಲಿ ಬಂದರೆ ಅದನ್ನು ಓದಿ ಹೇಳುವವನು ಮತ್ತೆ ಅದೇ ಜಗಲಿಯವನು. ಮೈಸೂರು ರಾಜ್ಯದಲ್ಲಿ ಕನ್ನಡವನ್ನು ಆಡಳಿತ ಭಾಷೆ ಮಾಡಿದ ಕಾಯ್ದೆ 1963ರದ್ದು. 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಹೋದ ಅವರ ಒಡನಾಡಿ ಜೆ.ಎಚ್. ಪಟೇಲರು ಅಲ್ಲಿ ಕನ್ನಡದಲ್ಲೇ ಮಾತಾಡಿದರು. ಅದೂ ಈ ಸಮಾಜವಾದಿ ಮನೆಯ ಬುದ್ಧಿಯೇ.

ಏಕೀಕರಣದ ಹೊತ್ತಿನಲ್ಲಿ ಹಳೆ ಮೈಸೂರಿನ ಎಷ್ಟೋ ನಾಯಕರು ಉತ್ತರದ ಬಡ ಜಿಲ್ಲೆಗಳ ಭಾರ ನಮಗೇಕೆ ಎಂದು ಹಿಂಜರಿದರು. ಗೋಪಾಲಗೌಡರು ಏಕೀಕರಣದ ಪರ ನಿಂತರು, ಆಮೇಲೆ ರಾಜ್ಯಕ್ಕೆ ಕರ್ನಾಟಕ ಎಂದೇ ಹೆಸರಿಡಿ ಎಂದು ಬೆನ್ನು ಹತ್ತಿದರು. ಮಲೆನಾಡಿನ ಶಾಸಕನಿಗೆ ಇದರಿಂದ ಒಂದು ಮತವೂ ಹೆಚ್ಚು ಬೀಳುವುದಿಲ್ಲ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಯಾರೂ ರಾಜ್ಯದ ಹೆಸರು ಬದಲಿಸಿಕೊಡಿ ಎಂದು ಅರ್ಜಿ ಹಿಡಿದು ಬಂದಿರಲಾರರು.

ಹೊಗಳಿಕೆ ಸಾಕು. ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಸಮಾಜವಾದಿಗಳು ಒಡೆಯುವುದರಲ್ಲಿ ಪಂಡಿತರು. 1952ರಲ್ಲಿ ಕೂಡಿದರು, 1955ರಲ್ಲಿ ಒಡೆದರು, 1964ರಲ್ಲಿ ಮತ್ತೆ ಕೂಡಿದರು, ಮತ್ತೆ ಒಡೆದರು. ಅಷ್ಟು ಪ್ರತಿಭೆ ಇದ್ದೂ ಈ ಪಕ್ಷ ನಮ್ಮ ಶಿವಮೊಗ್ಗ ಜಿಲ್ಲೆಯ ಗಡಿ ದಾಟಿ ಗಟ್ಟಿಯಾಗಿ ಬೇರು ಬಿಡಲಿಲ್ಲ. 1952ರಲ್ಲಿ ಸದನದಲ್ಲಿ ಮೂವರು, ಇಪ್ಪತ್ತು ವರ್ಷ ಕಳೆದು 1972ರಲ್ಲೂ 216 ಜನರ ಸದನದಲ್ಲಿ ಮೂವರು. ಅದೂ ಸೊರಬದ ಬಂಗಾರಪ್ಪ, ಸಾಗರದ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯ ಕೋಣಂದೂರು ಲಿಂಗಪ್ಪ, ಒಂದೇ ಬಸ್ಸಿನಲ್ಲಿ ಹೋಗಿಬರಬಹುದಾದ ಮೂರು ತಾಲ್ಲೂಕು. ಗೋಪಾಲಗೌಡರು ಗೆಳೆಯರನ್ನು ಸಂಪಾದಿಸಿದಷ್ಟು ಪಕ್ಷವನ್ನು ಕಟ್ಟಲಿಲ್ಲ. ದೇಹವನ್ನಂತೂ ಕಡೆಗಣಿಸಿಯೇಬಿಟ್ಟರು. ಅವರ ಬಡತನ, ಕಾಯಿಲೆ, ಏಕಾಂಗಿತನವನ್ನು ನಾವು ಒಂದು ಬಗೆಯ ಅಲಂಕಾರ ಮಾಡಿಕೊಂಡಿದ್ದೇವೆ. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಬಂತು. ಅದರ ಕೃಷ್ಣಪ್ಪಗೌಡನಲ್ಲಿ ಗೋಪಾಲಗೌಡರ ನೆರಳಿದೆ ಎಂಬುದು ಎಲ್ಲರಿಗೂ ಗೊತ್ತು. ಒಳ್ಳೆಯ ಕಾದಂಬರಿ. ಆದರೆ ಹಾಸಿಗೆ ಹಿಡಿದ ಆ ಕೃಷ್ಣಪ್ಪಗೌಡ ನಮ್ಮ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿದ್ದಾನೆ ಅಂದರೆ, ಕಲಂ ಹಿಡಿದು ವಾದಿಸಿದ ಶಾಸಕ ಮರೆಯಾದ. ಸದನದ ನಡಾವಳಿಯನ್ನು ಓದುವವರಿಗಿಂತ ಕಾದಂಬರಿ ಓದುವವರು ಹೆಚ್ಚು, ಏನು ಮಾಡುವುದು.

1972ರ ಮಾರ್ಚ್ 20ರಂದು ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅರಸರೂ ಗೋಪಾಲಗೌಡರೂ ಅದೇ 1952ರ ಸದನಕ್ಕೆ ಹೋದವರು, ಅರಸರು ಹುಣಸೂರಿನಿಂದ. ಅರಸರು ಬಂದು ಮೂರು ತಿಂಗಳು ತುಂಬುವ ಮೊದಲೇ ಗೋಪಾಲಗೌಡರು ಹೋದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973ರ ನವೆಂಬರ್ 1ರಂದು ಬಂತು. ಭೂ ಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಯಿತು. ಎರಡನ್ನೂ ಅವರು ನೋಡಲಿಲ್ಲ.

ಆ ತಿದ್ದುಪಡಿಯ ಗಟ್ಟಿತನ ಎಲ್ಲಿತ್ತು ಗೊತ್ತೇ? ಹಿಂದಿನ ಕಂಡಿಗಳನ್ನು ಅದು ಒಂದೇ ಏಟಿಗೆ ಮುಚ್ಚಿತು. ಗೇಣಿಯಲ್ಲಿದ್ದ ಭೂಮಿಯೆಲ್ಲ ಆ ದಿನದಿಂದ ಸರ್ಕಾರದ್ದು. ಗೇಣಿದಾರ ಫಾರಂ ಏಳು ತುಂಬಿ ಕೊಡಬೇಕು. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ, ಅಸಿಸ್ಟೆಂಟ್ ಕಮಿಷನರ್ ಅದರ ಅಧ್ಯಕ್ಷರು, ಸರ್ಕಾರ ನೇಮಿಸಿದ ಊರ ಕಡೆಯ ಸದಸ್ಯರು. ವಕೀಲರಿಗೆ ಪ್ರವೇಶವಿಲ್ಲ! ನಮ್ಮ ಜನ ಇದನ್ನು ಡಿಕ್ಲರೇಶನ್ ಕೊಡುವುದು ಎನ್ನುತ್ತಿದ್ದರು. ‘ಡಿಕ್ಲರೇಶನ್ ಕೊಟ್ಟಿದೀರಾ’ ಎಂಬುದು ಆ ಕಾಲದಲ್ಲಿ ಕ್ಷೇಮಸಮಾಚಾರದ ಹಾಗಿತ್ತು. ಅರ್ಜಿಯ ಕೊನೆಯ ದಿನ ಮುಂದಕ್ಕೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು.

ಆಗಲೇ ನಾನು ಕೆಲಸಕ್ಕೆ ಸೇರಿದ್ದು. ನ್ಯಾಯಮಂಡಳಿಯ ಕಡತ ಕಟ್ಟುವುದು, ಹೆಸರು ಕೂಗುವುದು, ಹೇಳಿಕೆ ಬರೆಯುವುದು. ಒಂದು ದಿನ ಒಬ್ಬ ಮುದುಕ ಬಂದ. ರಸೀದಿ ಇಲ್ಲ, ಗೇಣಿ ಚೀಟಿ ಇಲ್ಲ, ಹನ್ನೆರಡನೇ ಕಾಲಂನಲ್ಲಿ ಹೆಸರಿಲ್ಲ. ಒಡೆಯರು ಎದುರಿಗೆ ಕೂತಿದ್ದಾರೆ, ಇವನು ಕೂಲಿಗೆ ಬರುತ್ತಿದ್ದವನು, ಗೇಣಿದಾರನಲ್ಲ ಅಂತ. ಸದಸ್ಯರಲ್ಲಿ ಒಬ್ಬರು ಇಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು: ಆ ಸರ್ವೆ ನಂಬರಿನ ಗದ್ದೆಗಳ ಹೆಸರು ಹೇಳಿ. ಮುದುಕ ಶುರು ಮಾಡಿದ. ಹೊಂಡದ ಗದ್ದೆ, ಅದರ ಮೇಲಿನದು ಹಲಸಿನ ಮಕ್ಕಿ, ಅದರಾಚೆ ಉದ್ದನ ಗದ್ದೆ, ಅಲ್ಲಿ ಪುಬ್ಬೆ ಮಳೆಗೆ ಅಂಚು ಒಡೆಯುತ್ತದೆ, ಕೆಳಗಿನ ಬಾಗಿನ ಗದ್ದೆಯಲ್ಲಿ ಜವುಗು, ಎತ್ತು ಇಳಿಸಲು ಆಗುವುದಿಲ್ಲ, ಗುದ್ದಲಿಯಲ್ಲೇ ಆಗಬೇಕು. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಒಡೆಯರು ಸರ್ವೆ ನಂಬರು ಹೇಳಿದರು, ಎಕರೆ ಗುಂಟೆ ಹೇಳಿದರು, ನಿಲ್ಲಿಸಿದರು. ಆ ಅರ್ಜಿ ಮಂಜೂರಾಯಿತು. ಆಚೆ ಬಂದ ಮುದುಕ ನನಗೆ ಕೈಮುಗಿಯಲಿಲ್ಲ. ‘ಬರ್ತೀನಪ್ಪ’ ಎಂದು ಹೇಳಿ ಕಂಬಳಿ ಕೊಪ್ಪೆ ಹಾಕಿಕೊಂಡು ಇಳಿದು ಹೋದ. ಅದು ನನಗೆ ಬಹಳ ಕಾಲ ನೆನಪಿತ್ತು, ಯಾಕೆಂದರೆ ಅಷ್ಟರಲ್ಲಾಗಲೇ ನನಗೆ ಕೈಮುಗಿಸಿಕೊಳ್ಳುವ ಅಭ್ಯಾಸ ಶುರುವಾಗಿತ್ತು.

ಎಲ್ಲವೂ ಹೀಗೇ ನಡೆಯಿತು ಎಂದು ತಿಳಿಯಬೇಡಿ. ಸಣ್ಣ ಹಿಡುವಳಿಯ ವಿಧವೆಯರ ಭೂಮಿಯೂ ಹೋಯಿತು, ಕೂಲಿಯವರಿಗೆ ಎಷ್ಟೋ ಕಡೆ ಏನೂ ಸಿಗಲಿಲ್ಲ. ಅವೆಲ್ಲ ಬೇರೆ ಉಪನ್ಯಾಸಕ್ಕೆ.

ಈಗಿನ ಶಾಸಕರ ಬಳಿ ಒಂದು ಅಧಿಕಾರವಿದೆ, ಗೋಪಾಲಗೌಡರ ಬಳಿ ಅದು ಇರಲಿಲ್ಲ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ವರ್ಷಕ್ಕೆ ಎರಡು ಕೋಟಿಯ ಪ್ರದೇಶಾಭಿವೃದ್ಧಿ ನಿಧಿ ಬೇರೆ. ಒಂದು ಪೆಂಡಾಲು ಹಾಕಿ, ಹಾರ ಹಾಕಿಸಿಕೊಂಡು, ಸಾಲಾಗಿ ನಿಲ್ಲಿಸಿ ಹಕ್ಕುಪತ್ರ ವಿತರಣೆ ಮಾಡುತ್ತಾರೆ. ಹಕ್ಕುಪತ್ರ ಎಂಬ ಶಬ್ದವನ್ನು ಸ್ವಲ್ಪ ಗಮನಿಸಿ. ಅದು ಹಕ್ಕಾದರೆ ವಿತರಣೆ ಮಾಡುವವನು ಯಾರು? ಪಡೆದವನು ಬಗ್ಗಿ ಕಾಲು ಮುಟ್ಟುವುದು ಏತಕ್ಕೆ? ನಾನು ಶಾಸಕರನ್ನು ಮಾತ್ರ ದೂರುತ್ತಿಲ್ಲ. ಕೊಳಗವನ್ನು ಅವರ ಕೈಯಲ್ಲಿ ಮತ್ತೆ ಕೊಟ್ಟವರು ನಾವು.

ನಾವು ಶಾಸಕರನ್ನು ಅಳೆಯುವುದು ಯಾವುದರಿಂದ? ಮದುವೆಗೆ ಬಂದರೇ, ಫೋನ್ ಎತ್ತುತ್ತಾರೆಯೇ, ವರ್ಗಾವಣೆ ಮಾಡಿಸಿಕೊಟ್ಟರೇ, ದೇವಸ್ಥಾನದ ಮುಂದೆ ಹೈಮಾಸ್ಟ್ ದೀಪ ಹಾಕಿಸಿದರೇ. ಸದನದಲ್ಲಿ ಏನು ಕೇಳಿದರು ಎಂದು ಈ ಊರಿನಲ್ಲಿ ಒಬ್ಬರಾದರೂ ವಿಚಾರಿಸಿದ್ದನ್ನು ನಾನು ಕೇಳಿಲ್ಲ. ವರ್ಷಕ್ಕೆ 60 ದಿನಕ್ಕೆ ಕಡಿಮೆಯಿಲ್ಲದಂತೆ ವಿಧಾನಮಂಡಲ ಸೇರಬೇಕು ಎಂದು 2005ರಲ್ಲಿ ನಮ್ಮವರೇ ಒಂದು ಕಾಯ್ದೆ ಮಾಡಿಕೊಂಡರು. ಬಹುತೇಕ ವರ್ಷ ಆ ಸಂಖ್ಯೆ ಮುಟ್ಟಲಿಲ್ಲ. ಸದನ ಸೇರದಿದ್ದರೆ ಏನಾಗುತ್ತದೆ ಎಂದರೆ, 2020ರಲ್ಲಿ ಆದದ್ದು ಆಗುತ್ತದೆ. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದ್ದು ಮೊದಲು ಸುಗ್ರೀವಾಜ್ಞೆಯಲ್ಲಿ, ಚರ್ಚೆ ಆಮೇಲೆ. ಬೇಸಾಯಗಾರನಲ್ಲದವನೂ ಕೃಷಿ ಭೂಮಿ ಕೊಳ್ಳಬಹುದಾಯಿತು. ಅದು ಸರಿಯೇ ತಪ್ಪೇ ಎಂದು ಇಲ್ಲಿ ಜಗಳ ತೆಗೆಯುವುದಿಲ್ಲ, ಈ ಸಭೆಯಲ್ಲಿ ಮಾರಿದವರೂ ಇದ್ದೀರಿ, ಕೊಂಡವರೂ ಇದ್ದೀರಿ. ಆದರೆ ಕಾಗೋಡಿನಿಂದ 1974ರವರೆಗೆ ಇಪ್ಪತ್ತಮೂರು ವರ್ಷ ಹಿಡಿದ ಒಂದು ವಿಷಯದ ಮೇಲೆ, ನಮ್ಮ ಕ್ಷೇತ್ರದವರು ಎದ್ದು ನಿಂತು ಹೌದೆಂದರೋ ಅಲ್ಲವೆಂದರೋ, ಅದನ್ನಾದರೂ ನಾವು ತಿಳಿದುಕೊಳ್ಳಬೇಕಿತ್ತು.

ಬೆಂಗಳೂರಿನಲ್ಲಿ ವಿಧಾನಸೌಧದ ಬಳಿಯ ವೃತ್ತಕ್ಕೆ ಗೋಪಾಲಗೌಡರ ಹೆಸರಿಟ್ಟಿದ್ದಾರೆ. ಅಧಿವೇಶನಕ್ಕೆ ಹೋಗುವ ಎಷ್ಟೋ ಕಾರುಗಳು ಅದನ್ನು ಬಳಸಿಕೊಂಡೇ ಹೋಗುತ್ತವೆ.

ಕೊನೆಗೆ ಒಂದು ವಿನಂತಿ ಇದೆ, ಇದು ಶಾಸಕರಿಗಲ್ಲ, ನಿಮಗೆ. ಮನೆಯಲ್ಲಿ ಮದುವೆ ಆದರೆ ಶಾಸಕರನ್ನು ಕರೆಯಿರಿ. ಬರಲಿ, ಅಕ್ಷತೆ ಹಾಕಲಿ, ಊಟ ಮಾಡಿಕೊಂಡು ಹೋಗಲಿ. ಸದನ ನಡೆಯುವ ದಿನಗಳಲ್ಲಿ ಮಾತ್ರ ಪತ್ರಿಕೆ ಕೊಡಲು ಹೋಗಬೇಡಿ. ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಬಂದರೆ, ಇವತ್ತು ಅಲ್ಲಿ ಯಾವ ಮಸೂದೆ ಇತ್ತು ಸಾರ್ ಎಂದು ಪಂಕ್ತಿಯಲ್ಲೇ ಕೇಳಿ.